ಬೀಳೋದು ಬೇರೆ, ಬೀಳ್ಸೋದು ಬೇರೆ

ಒಂಟಿ ಕಾಲಲ್ಲಿ ನಿಂತು ಚಪ್ಪಲಿಯ ಬಕಲ್ ಹಾಕಿಕೊಳ್ಳಲಾರದವಳು ನಾನು. ಗೋಡೆ ಬೇಕು, ಇಲ್ಲವೇ ಗಂಡನ ಭುಜ. ಹಾಗಾಗಿ ಬನಶಂಕರಿಯ ನಮ್ಮ ಪಾರ್ಕಿನಲ್ಲಿ ಭಾಗ್ಯ ಕಲ್ಲಿನ ಮೇಲೆ ಕಲ್ಲು ನಿಲ್ಲಿಸುವುದನ್ನು ಮೊದಲ ಸಲ ನೋಡಿದಾಗ ವಾಕಿಂಗ್ ಮರೆತು ಬೆಂಚಿನ ಮೇಲೆ ಕೂತುಬಿಟ್ಟೆ.

ಭಾಗ್ಯ ಚಿಕ್ಕಲಸಂದ್ರದ ಹಳೇ ಮನೆತನದ ಸೊಸೆ. ಹೊಲವೆಲ್ಲ ಸೈಟಾಗಿ, ಮನೆಗಳಾಗಿ, ಈಗ ಬೆಳಗಿನ ಹೊತ್ತು ಆಕೆಗೆ ಪುರುಸೊತ್ತು. ಪಾರ್ಕಿಗೆ ದಾರಿ ಹಾಕಿದಾಗ ಉಳಿದ ಕಲ್ಲುಗಳು ಸಂಪಿಗೆ ಮರದ ಕೆಳಗೆ ಬಿದ್ದಿವೆ. ಅವನ್ನೇ ಒಂದರ ಮೇಲೊಂದು, ಚೂಪು ತುದಿಯ ಮೇಲೆ ದಪ್ಪ ಹೊಟ್ಟೆ ಬರುವ ಹಾಗೆ, ಉಸಿರು ಬಿಗಿಹಿಡಿದು ನಿಲ್ಲಿಸುತ್ತಾಳೆ. ಗಾರೆಯಿಲ್ಲ, ಅಂಟಿಲ್ಲ. ನಮ್ಮವರು ಶಾಶ್ವತವಾಗಿರಲೆಂದೇ ಕಲ್ಲಿನ ಮೊರೆ ಹೋದವರು: ಶಾಸನಕ್ಕೆ ಕಲ್ಲು, ಸತ್ತ ವೀರನಿಗೆ ಕಲ್ಲು, ಹೊಲದ ಗಡಿಗೂ ಕಲ್ಲು. ಸಂಜೆಯೊಳಗೆ ಬಿದ್ದರೂ ಸರಿಯೆಂದು ಕಲ್ಲು ನಿಲ್ಲಿಸುವವಳನ್ನು ನಾನು ಕಂಡದ್ದು ಇದೇ ಮೊದಲು.

ಮೊನ್ನೆ ಆಕೆ ಎದೆಮಟ್ಟಕ್ಕೆ ನಿಲ್ಲಿಸಿದ್ದಳು. ನೋಡಿದರೆ ಸೊಂಟದ ಮೇಲೆ ಕೊಡ ಹೊತ್ತ ಹೆಂಗಸಿನ ಹಾಗಿತ್ತು. ಅಷ್ಟರಲ್ಲಿ ಮೊಬೈಲಿನಲ್ಲಿ ಜೋರಾಗಿ ನ್ಯೂಸ್ ಹಾಕಿಕೊಂಡು ನಡೆಯುವ ನೀಲಿ ಟ್ರ್ಯಾಕ್ ಸೂಟಿನ ಹಿರಿಯರೊಬ್ಬರು ದಾರಿ ಬಿಟ್ಟು ಒಳಗೆ ಬಂದರು. ಶೂ ತುದಿಯಿಂದ ಒಂದು ಒದೆ. ದಡದಡ ಅಂತ ಎಲ್ಲ ನೆಲಕ್ಕೆ.

"ಏನ್ ಸಾರ್ ಇದು!" ನಾನು ಕೂಗಿದೆ.

"ಗಮ್ ಹಾಕಿದಾರೇನೋ ಅಂತ ನೋಡ್ದೆ ಮೇಡಂ."

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಕಾಂಪೌಂಡಿಗೆ ಸಿಮೆಂಟ್ ಹಾಕಿದಾರಾ ಅಂತ ನಾನೂ ಒಂದ್ಸಲ ಒದ್ದು ನೋಡ್ಲಾ?"

"ಹೆಂಗೂ ಬೀಳೋದೇ ಅಲ್ವಾ? ಅದಕ್ಯಾಕಿಷ್ಟು ಗಲಾಟೆ?"

ಭಾಗ್ಯಳ ಮುಖ ಕೆಂಪಾಗಿತ್ತು. "ಬೀಳುತ್ತೆ ಅಂಕಲ್. ಗಾಳಿ ಬಂದ್ರೆ ಬೀಳುತ್ತೆ, ಅಳಿಲು ಹತ್ತಿದ್ರೂ ಬೀಳುತ್ತೆ. ನಂಗೇನೂ ಬೇಜಾರಿಲ್ಲ. ಆದ್ರೆ ಬೀಳೋದು ಬೇರೆ, ಬೀಳ್ಸೋದು ಬೇರೆ."

ಅವರು "ಸಾರಿ" ಅನ್ನುವಂಥದ್ದೇನೋ ಗೊಣಗಿ, ನ್ಯೂಸಿನ ದನಿ ಏರಿಸಿ ಹೊರಟರು. ನಾನು ಬಿಡುವವಳೇ? ಈ ಊರಲ್ಲಿ ನೆಟ್ಟಗೆ ನಿಂತಿರುವುದು ಏನೇ ಕಂಡರೂ ಒಂದು ಕೈ ನೋಡಿಬಿಡುವ ಜನರ ಬಗ್ಗೆ, ಸಸಿ ಮುರಿಯುವವರಿಂದ ಹಿಡಿದು ಬೆಂಚಿನ ಮೇಲೆ ಹೆಸರು ಕೆತ್ತುವವರ ತನಕ, ಇಡೀ ಪಾರ್ಕಿಗೆ ಕೇಳುವಂತೆ ಭಾಷಣ ಶುರುಮಾಡಿದೆ.

"ಅಕ್ಕ," ಕೆಳಗಿನಿಂದ ದನಿ ಬಂತು. ಭಾಗ್ಯ ಆಗಲೇ ಕೂತು ಎರಡನೇ ಕಲ್ಲಿನ ತೂಕ ಹುಡುಕುತ್ತಿದ್ದಳು. "ಸ್ವಲ್ಪ ಸುಮ್ನಿರ್ತೀರಾ? ನೀವು ಕೂಗಿದ್ರೆ ನನ್ನ ಕೈ ಅಲ್ಲಾಡುತ್ತೆ."

ಬಾಯಿ ಮುಚ್ಚಿದೆ. ಆಕೆ ಮೆಲ್ಲಗೆ ಬೆರಳು ಬಿಟ್ಟಳು. ಕಲ್ಲು ನಿಂತಿತು.

ನನ್ನ ಸಿಟ್ಟು ಇನ್ನೂ ನಿಂತಿಲ್ಲ.