ಕಾಸದ ಹಾಲು

ಗುಡ್ನಾಪುರ ಕೆರೆಯ ಈಚೆಗಿರುವ ನಮ್ಮ ಕೊಟ್ಟಿಗೆಯಿಂದ ಒಳ್ಳೆಯ ಹಾಲೆಲ್ಲ ಡೇರಿಗೆ ಹೋಗುತ್ತಿತ್ತು. ಡೇರಿಯಿಂದ ವಾಪಸು ಬಂದದ್ದು, ಕೆಚ್ಚಲು ಬಾವು ಬಂದ ಆಕಳದ್ದು, ಎಲ್ಲ ಒಂದೇ ಬಕೆಟ್ಟಿಗೆ ಸುರಿದು ಕರುಗಳಿಗೆ. ನನ್ನ ಗಂಡ ಹಾಕಿದ ಪದ್ಧತಿ ಅದು. ಒಂದು ಮಳೆಗಾಲ ಕರುಗಳು ಭೇದಿ ಹತ್ತಿ ಒಂದರ ಹಿಂದೊಂದು ಸತ್ತವು. ಆಗ ಪಶುವೈದ್ಯರನ್ನು ಕರೆಸಿದೆ.

"ಬಾವಿನ ಹಾಲು ಚೆಲ್ರಿ. ಉಳದದ್ದು ಕಾಸಿ ಕುಡಸ್ರಿ," ಎಂದರು ಅವರು. "ಕುದಸೂದು ಬ್ಯಾಡ. ಅರವತ್ಮೂರು ಡಿಗ್ರಿಗೆ ತಂದು ಅರ್ಧ ತಾಸು ಅಷ್ಟಕ್ಕ ಹಿಡೀರಿ. ರೋಗದ ಹುಳ ಸಾಯ್ತಾವ. ಆಮ್ಯಾಲೆ ಉಗುರುಬೆಚ್ಚಗ ಆರಿಸಿ ಕೊಡ್ರಿ."

ಬಿಸಿನೀರಿನ ಹಂಡೆಯೊಳಗೆ ಹಾಲಿನ ಪಾತ್ರೆ ಇಳಿಸಿ, ಉಷ್ಣಮಾಪಕ ಹಿಡಿದು ಕೂರುವುದು ನನ್ನ ಕೆಲಸವಾಯಿತು.

ಅತ್ತೆಗೆ ನಗು. "ಆಕಳ ಹಾಲು ಆಕಳ ಕರಕ್ಕ ಕುಡಸಾಕ ಒಲಿ ಯಾಕವ್ವಾ? ಮೊಲಿಯಾಗ ಯಾರು ಬೆಂಕಿ ಹಚ್ಚಿದ್ರು?"

ಅಲ್ಲಿಂದ ಮುಂದೆ ಹುಟ್ಟಿದ ಕರುಗಳೆಲ್ಲ ಉಳಿದವು. ಅದನ್ನು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ.

ಮರುವರ್ಷ ಇಡಗುಂದಿಯ ತವರಿನಲ್ಲಿ ಅಮ್ಮ ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಗಂಡನಿಗೆ ಹಾಲು ಕಾಸುವುದನ್ನು ಎರಡು ಸಲ ಮಾಡಿ ತೋರಿಸಿ ಹೊರಟೆ. ದಿನಾ ಸಂಜೆ ಫೋನು ಮಾಡುತ್ತಿದ್ದೆ.

"ಹಾಲು ಕಾಸಿ ಕೊಟ್ರಾ?"

"ಎಲ್ಲಾ ನೀ ಹೇಳಿದ್ಹಂಗ ನಡದೈತಿ. ನೀ ಅವ್ವನ್ನ ನೋಡ್ಕೋ."

ವಾಪಸು ಬಂದಾಗ ಎರಡು ಹಗ್ಗಗಳು ಗೂಟದಲ್ಲಿ ಖಾಲಿ ಬಿದ್ದಿದ್ದವು. ಎರಡೂ ಹೆಣ್ಣುಗರುಗಳು. ಹಂಡೆ ಮುಟ್ಟಿದರೆ ಮಸಿಯ ಮೇಲೆ ಧೂಳು.

"ಒಂದಿನಾನೂ ಕಾಸಿಲ್ಲ ನೀವು."

"ಹೊಲದ ಕೆಲಸ ಬಿಟ್ಟು ಒಲಿ ಮುಂದ ಕುಂಡರ್ಲೇನು?" ಎಂದರು. ಆಮೇಲೆ, "ಕಾಸಿದ್ದು ಕುಡಿಸಿ ಕುಡಿಸಿ ನಾಜೂಕು ಮಾಡಿಟ್ಟಾಕಿ ನೀನ. ಅದಕ್ಕ ಸತ್ವು" ಎಂದರು.

"ಮತ್ತ ಫೋನಿನಾಗ ಸುಳ್ಳು ಯಾಕ ಹೇಳಿದ್ರಿ?"

"ನೀ ಅಲ್ಲಿ ಕುಂತು ಚಿಂತಿ ಮಾಡೂದು ಬ್ಯಾಡಂತ."

ಕರುಗಳ ಸಾವಿಗಿಂತ ಆ ಮಾತು ಇವತ್ತಿಗೂ ಹೆಚ್ಚು ಉರಿಸುತ್ತದೆ. ನನ್ನ ಮೇಲಿನ ಕರುಣೆಯಿಂದ ಆಡಿದ ಸುಳ್ಳಂತೆ! ಅತ್ತೆ ಒಳಗಿನಿಂದ, "ಕರ ಸತ್ರ ಗಂಡನ್ನ ಹಿಂಗ ಬೈತಾರೇನು?" ಎಂದು ಕೂಗಿದರು.

ಆಮೇಲೆ ಆ ಒಲೆಯನ್ನು ಯಾರ ಕೈಗೂ ಬಿಡಲಿಲ್ಲ. ಅಮ್ಮ ಮತ್ತೆ ಎದ್ದು ಓಡಾಡಲಿಲ್ಲ. ಹೋಗಿ ನೋಡಬೇಕು ಎನ್ನಿಸಿದಾಗಲೆಲ್ಲ ಎಳೆಗರು ಒಂದಲ್ಲ ಒಂದು ಇರುತ್ತಿತ್ತು. ಒಂದು ಬೆಳಿಗ್ಗೆ ತವರಿನಿಂದ ಅತ್ತಿಗೆ ಫೋನು ಮಾಡಿ, "ಅಮ್ಮ ಊಟ ಬಿಟ್ಟಿದ್ದು, ನಿನ್ನೇ ಕೇಳ್ತಾ ಇದ್ದು, ಬೇಗ ಬಾ" ಎಂದಳು. ಪಾತ್ರೆ ಆಗಷ್ಟೇ ಹಂಡೆಗಿಳಿಸಿದ್ದೆ. ಗಂಡ ಬಾಗಿಲಲ್ಲೇ ನಿಂತಿದ್ದರು. ಅವರ ಕೈಗೆ ಉಷ್ಣಮಾಪಕ ಕೊಟ್ಟು ಹೊರಡಬಹುದಿತ್ತು. ಕೊಡಲು ಮನಸ್ಸು ಒಪ್ಪಲಿಲ್ಲ. ಕಾಸಿ, ಆರಿಸಿ, ಕುಡಿಸಿ, ಶಿರಸಿಗೆ ಬಂದು ಯಲ್ಲಾಪುರದ ಬಸ್ಸು ಹತ್ತಿದೆ.

ತಲುಪಿದಾಗ ಅಮ್ಮನನ್ನು ಜಗಲಿಗೆ ತಂದು ಮಲಗಿಸಿ, ತಲೆಯ ಬಳಿ ದೀಪ ಹಚ್ಚಿಟ್ಟಿದ್ದರು.

"ಎಂತಕ್ಕೆ ಇಷ್ಟು ತಡ ಮಾಡಿದ್ಯೆ?" ಎಂದು ಅತ್ತಿಗೆ ಅತ್ತಳು.

ಬಸ್ಸು ತಪ್ಪಿತು ಎಂದೆ. ಬೇರೆ ಏನು ಹೇಳಲಿ? ನಂಬಬಹುದಾದ ಒಬ್ಬ ಮನುಷ್ಯ ನನ್ನ ಮನೆಯಲ್ಲಿ ಇಲ್ಲ ಎಂದು ಅಷ್ಟು ಜನರೆದುರು ಹೇಳಲಾಗುತ್ತದೆಯೇ? ಗಂಡ ಮಧ್ಯಾಹ್ನದ ಮೇಲೆ ಬಂದರು. ಶಲ್ಯ ಹೆಗಲಿಗೆ ಹಾಕಿಕೊಂಡು ಗಂಡಸರ ಜೊತೆ ಕೂತು, "ವಯಸ್ಸಾಗಿತ್ತು ಬಿಡ್ರಿ" ಎಂದು ಎಲ್ಲರನ್ನೂ ಸಮಾಧಾನ ಮಾಡುತ್ತಿದ್ದರು.