ಪಟ್ಟಿ ಸುತ್ತಲು ಇನ್ನೊಬ್ಬರು

ಹಳೆಯ ಆಫೀಸಿನಲ್ಲಿ ಎಲ್ಲರೂ ಅವಳನ್ನು ಸಕ್ಕರೆ ಅಕ್ಕ ಎಂದೇ ಕರೆಯುತ್ತಿದ್ದರು. ಹಾಸಿಗೆ, ಪರದೆ, ಕುಕ್ಕರು, ಏನನ್ನೇ ಕೊಡಿ, ಮಾರಾಟದ ವೆಬ್‌ಸೈಟಿಗೆ ಬೇಕಾದ ಜಾಹೀರಾತಿನ ನಾಲ್ಕು ಸಾಲನ್ನು ಸಕ್ಕರೆ ಬೆರೆಸಿ ಕೊಟ್ಟುಬಿಡುತ್ತಿದ್ದಳು. ಅವಳು ಬರೆದ ಪ್ರತಿ ಮನೆಯಲ್ಲೂ ಅಜ್ಜಿ ನಗುತ್ತಿದ್ದಳು, ಮಕ್ಕಳು ಸೋಫಾದ ಮೇಲೆ ಕುಣಿಯುತ್ತಿದ್ದರು, ಗಂಡ ಚಹಾ ಮಾಡಿ ತರುತ್ತಿದ್ದ. ಅವಳ ಸ್ವಂತ ಮನೆಯಲ್ಲಿ ಗಂಡ ಬೇರೆಯಾಗಿ ವರ್ಷಗಳೇ ಆಗಿದ್ದವು. ಹೋಗುವಾಗ ಚಹಾದ ಪಾತ್ರೆಯನ್ನೂ ಒಯ್ದಿದ್ದ. ಅದು ಅವನದೇ ಆಗಿತ್ತು, ಇರಲಿ ಬಿಡಿ.

ಆ ಕೆಲಸದ ಮೇಲಿನ ಮನಸ್ಸು ಮುರಿದದ್ದು ಒಂದು ಹಾಸಿಗೆಯಿಂದ. 'ತಾಯಿಯ ಮಡಿಲಿನಂಥ ನಿದ್ದೆ' ಎಂದು ತಾನೇ ಬರೆದು, ತನ್ನ ಮಾತಿಗೆ ತಾನೇ ಮರುಳಾಗಿ, ಅದನ್ನೇ ಕೊಂಡು ತಂದಳು. ಇಬ್ಬರು ಮಲಗುವಷ್ಟು ಅಗಲದ ಹಾಸಿಗೆ. ಒಂದು ಅಂಚಿಗೆ ಮಲಗಿ ಇನ್ನೊಂದು ಅಂಚನ್ನು ನೋಡುವುದೇ ದಿನಚರಿಯಾದ ಮೇಲೆ ಈ ಬಣ್ಣದ ಮಾತಿನ ಸಹವಾಸ ಸಾಕು ಅನ್ನಿಸಿತು. "ಈ ವಯಸ್ಸಲ್ಲಿ ಯಾಕಕ್ಕಾ ಇಲ್ಲದ ಉಸಾಬರಿ?" ಎಂದ ತಮ್ಮ, ಫೋನಿನಲ್ಲಿ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಗಲು ಸಕ್ಕರೆ ಬೆರೆಸುತ್ತ, ಸಂಜೆ ಟೆಕ್ನಿಕಲ್ ರೈಟಿಂಗ್ ಕೋರ್ಸ್ ಮುಗಿಸಿ, ಮನೆಯಲ್ಲೇ ಬಳಸುವ ವೈದ್ಯಕೀಯ ಉಪಕರಣಗಳ ಕಂಪನಿಯೊಂದಕ್ಕೆ ಸೇರಿದಳು. ಡಬ್ಬಿಯೊಳಗಿನ ಕೈಪಿಡಿ ಬರೆಯುವ ಕೆಲಸ. ಸದ್ಯಕ್ಕೆ ಪ್ರೊಬೇಷನ್.

ಮೊದಲು ಕೈಗೆ ಬಂದದ್ದು ಬಿ.ಪಿ. ನೋಡಿಕೊಳ್ಳುವ ಮಶೀನು. ಅದನ್ನು 'ನಿಮ್ಮ ಆರೋಗ್ಯದ ನಲ್ಮೆಯ ಗೆಳೆಯ' ಎಂದು ಶುರು ಮಾಡಿದಳು. ಮಿತಭಾಷಿ ಮೇಲಧಿಕಾರಿ ಮೇಡಂ ಆ ಸಾಲನ್ನು ಒಂದೇ ಏಟಿಗೆ ಹೊಡೆದುಹಾಕಿ, "ಗೆಳೆಯ ಬೇಡ. ಗುಂಡಿ ಎಲ್ಲಿದೆ ಹೇಳಿ" ಎಂದರು. ಅವಳು ಹೇಳಿದಳು. ಒಂದೊಂದೇ ವಿಶೇಷಣವನ್ನು ಹಲ್ಲು ಕಚ್ಚಿಕೊಂಡು ಕಿತ್ತಳು. ಉಳಿದದ್ದು ಸಪ್ಪೆಯಾಗಿತ್ತು, ಆದರೆ ಸರಿಯಾಗಿತ್ತು ಎಂದುಕೊಂಡಳು.

ಅಲ್ಲೊಂದು ಪದ್ಧತಿಯಿತ್ತು. ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಹೊರಗಿನವರೊಬ್ಬರನ್ನು ಕರೆಸಿ, ಒಂದು ಕೋಣೆಯಲ್ಲಿ ಕೂರಿಸಿ, ಡಬ್ಬಿಯನ್ನೂ ಕೈಪಿಡಿಯನ್ನೂ ಕೊಟ್ಟು ಬಾಗಿಲು ಹಾಕುತ್ತಾರೆ. ಬರೆದವರು ಆ ಕೋಣೆಯ ಗಾಜಿನ ಗೋಡೆಯ ಈಚೆ ಕುಳಿತು ನೋಡಬೇಕು. ಆ ಕಡೆಯ ಮಾತು ಈ ಕಡೆ ಕೇಳುತ್ತದೆ, ಈ ಕಡೆಯದು ಆ ಕಡೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಆದರೂ ಬಂದವರು ಎದ್ದು ಹೋಗುವ ತನಕ ಬರೆದವರು ಪಿಟಕ್ಕೆನ್ನಕೂಡದು.

"ಇದು ದಾಟಿದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ತಿದ್ದೋಕೆ ಇನ್ನೊಂದೇ ಅವಕಾಶ," ಎಂದಿದ್ದರು ಮೇಡಂ.

ಮೊದಲು ಬಂದವರು ಬಟ್ಟೆ ಹೊಲಿಯುವ ಕೆಲಸದಿಂದ ನಿವೃತ್ತರಾದ ಒಬ್ಬ ಅಮ್ಮ. ಬ್ಯಾಟರಿ ಹಾಕಿದರು, ಗಾಳಿಯ ನಳಿಗೆಯನ್ನು ಮಶೀನಿಗೆ ಸಿಕ್ಕಿಸಿದರು. ಆಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: 'ಮನೆಯವರಲ್ಲಿ ಒಬ್ಬರು ಪಟ್ಟಿಯನ್ನು ನಿಮ್ಮ ತೋಳಿಗೆ ಸುತ್ತಲಿ.' ಓದಿ, ರವಿಕೆಯ ತೋಳು ಮಡಚಿ, ಕೈಯನ್ನು ಮೇಜಿನ ಮೇಲೆ ಚಾಚಿ ಕುಳಿತರು. ಬಾಗಿಲ ಕಡೆ ನೋಡಿದರು. "ಯಾರಾದ್ರೂ ಬರ್ತಾರೇನೋ," ಎಂದು ತಮಗೆ ತಾವೇ ಅಂದುಕೊಂಡರು. ಯಾರೂ ಬರಲಿಲ್ಲ. ಬಹಳ ಹೊತ್ತು ಕಾದು, ಮಡಚಿದ ತೋಳನ್ನು ಇಳಿಸಿ, ಮಶೀನನ್ನು ಮೊದಲಿದ್ದ ಹಾಗೇ ಡಬ್ಬಿಯಲ್ಲಿಟ್ಟು ಎದ್ದರು.

"ನಾನು ಒಬ್ಳೇ ಇರೋದಮ್ಮ," ಎಂದರು ಹೊರಗೆ ಮೇಡಂ ಹತ್ತಿರ, ಏನೂ ಬೇಜಾರಿಲ್ಲದೆ. "ಇದು ನಮ್ಮಂಥೋರಿಗಲ್ಲ ಅನ್ಸುತ್ತೆ."

ಅವರು ಹೋದ ಮೇಲೆ ಮೇಡಂ ಇವಳ ಕಡೆ ತಿರುಗಿದರು. "ಈ ಮನೆಯವರು ಯಾರ್ರೀ? ಡಬ್ಬಿ ಒಳಗೆ ಅವರನ್ನೂ ಇಟ್ಟು ಕಳಿಸ್ತೀವಾ?"

ಕೆಲಸ ಹೋದೀತೆಂಬ ಭಯವಂತೂ ಇತ್ತು; ಹಳೆಯ ಆಫೀಸಿನ ಕುರ್ಚಿಯಲ್ಲಿ ಆಗಲೇ ಬೇರೆ ಯಾರೋ ಕೂತಿದ್ದರು. ಆದರೆ ಅದಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಸಕ್ಕರೆಯನ್ನೆಲ್ಲ ಸೋಸಿ ತೆಗೆದವಳು ಆ ನಗುವ ಸಂಸಾರವನ್ನು ಮಾತ್ರ ಅಲ್ಲೇ ಬಿಟ್ಟಿದ್ದಳು. ಒಂಟಿಯಾಗಿ ಬದುಕುವ ಅವಳಿಗೇ, ಒಂಟಿಯಾಗಿರುವವರು ಅಂತ ಇರುತ್ತಾರೆ ಎನ್ನುವುದು ಬರೆಯುವಾಗ ಹೊಳೆದಿರಲಿಲ್ಲ.

ಭಾನುವಾರ ಬೆಳಗ್ಗೆ ಮಶೀನನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕುಳಿತಳು. ಒಂದೇ ಕೈಯಲ್ಲಿ ಸುತ್ತಲು ಹೋದರೆ ಪಟ್ಟಿ ಜಾರುತ್ತಿತ್ತು, ಇಲ್ಲವೇ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. "ಹಾಳಾಗಿ ಹೋಗು," ಎಂದು ಅದಕ್ಕೆ ಬೈದಳು. ಮೊದಲೇ ಬಳೆಯ ಹಾಗೆ ಮಾಡಿಟ್ಟು, ಅದರೊಳಗೆ ಕೈ ತೂರಿಸಿ, ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತುದಿ ಎಳೆದಾಗ ಅಂತೂ ನಿಂತಿತು. ಗುಂಡಿ ಒತ್ತಿದಳು. ತೋಳು ಬಿಗಿಯಿತು, ಸಡಿಲವಾಯಿತು.

"ನೂರಾ ಇಪ್ಪತ್ತೆಂಟು, ಎಂಬತ್ನಾಲ್ಕು," ಎಂದಳು ಗಟ್ಟಿಯಾಗಿ.

ಯಾರಿಗೆ ಹೇಳಿದ್ದು? ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಮೊದಲು ಮುಜುಗರವಾಯಿತು, ಆಮೇಲೆ ಅಳು ಬಂತು. ಪಟ್ಟಿ ತೋಳಿನಲ್ಲಿರುವಂತೆಯೇ ಅತ್ತು, ಮುಖ ತೊಳೆದು ಬಂದು, ಕೈ ಹೇಗೆ ಹೇಗೆ ಆಡಿತೋ ಹಾಗೇ ಬರೆದಳು.

ಎರಡನೆಯ ಸಲ ಬಂದವರು ನಿವೃತ್ತ ಬಸ್ ಕಂಡಕ್ಟರ್. ಮೇಡಂ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ಆತ ಪಟ್ಟಿಯನ್ನು ಬಳೆಯ ಹಾಗೆ ಮಾಡಿದರು, ಕೈ ತೂರಿಸಿದರು. ಪಟ್ಟಿ ಜಾರಿತು. ಇವಳ ಕೈ ತಾನಾಗಿ ಗಾಜಿನ ತನಕ ಹೋಗಿ ನಿಂತಿತು. ಆತ ಗೊಣಗುತ್ತ ಮತ್ತೊಮ್ಮೆ ಓದಿ, ಮೊಣಕೈ ಒತ್ತಿ, ತುದಿ ಎಳೆದರು. ನಿಂತಿತು. ಮಶೀನು ಸಂಖ್ಯೆ ತೋರಿಸಿತು.

"ಆಯ್ತು. ಇನ್ಮೇಲೆ ನೀವು ಖಾಯಂ," ಎಂದು ಮೇಡಂ ಎದ್ದು ಹೋದರು. ಗೆದ್ದೆ ಎಂದು ಹೇಳಿಕೊಳ್ಳಲು ಅವಳು ಪಕ್ಕಕ್ಕೆ ತಿರುಗಿದಾಗ ಕುರ್ಚಿ ಖಾಲಿಯಾಗಿತ್ತು.

ಗಾಜಿನ ಆಚೆ ಕಂಡಕ್ಟರ್ ಇನ್ನೂ ಎದ್ದಿರಲಿಲ್ಲ. ಸಂಖ್ಯೆಯನ್ನು ನೋಡಿ, ತಮ್ಮ ಪಕ್ಕದ ಖಾಲಿ ಕುರ್ಚಿಯ ಕಡೆ ಮುಖ ಮಾಡಿ, "ನೂರಾ ಮೂವತ್ತಾರು, ಎಂಬತ್ತೆಂಟು ಕಣೇ," ಎಂದರು.

ಅವರು ಏಳುವ ತನಕ ಮಾತಾಡಕೂಡದು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸ್ವಲ್ಪ ಜಾಸ್ತೀನೇ ಇದೆ," ಎಂದಳು ಸಕ್ಕರೆ ಅಕ್ಕ. "ಉಪ್ಪು ಕಡಿಮೆ ಮಾಡಿ."

ಆ ಕಡೆ ಅದು ಕೇಳಿಸುವಂತಿರಲಿಲ್ಲ. ಅವರು ಇನ್ನೂ ಸ್ವಲ್ಪ ಹೊತ್ತು ಕುರ್ಚಿಯನ್ನು ನೋಡುತ್ತಿದ್ದು, ಆಮೇಲೆ ಕೈಪಿಡಿಯ ಮುಂದಿನ ಸಾಲನ್ನು ಓದಿ ಪಟ್ಟಿಯನ್ನು ಬಿಚ್ಚಿದರು.