ಕೋಡಂಬಾಕ್ಕಂನ ಸಿಡಿ ಅಂಗಡಿಯ ಅಕ್ಕ

ಹೋದ ವಾರ ಪೋರೂರಿನ ಮನೆ ಖಾಲಿ ಮಾಡುವಾಗ ಹಳೆಯ ಸಿಡಿಯೊಂದು ಕಾಲಡಿ ಸಿಕ್ಕಿ ಚಟ್ಟನೆ ಮುರಿಯಿತು. ಅಷ್ಟೇ ಸದ್ದು. ಗೋಡೆ ಹಿಡಿದು ಅಲ್ಲೇ ಕೂತುಬಿಟ್ಟೆ...

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳು. ನಾನು ಗಿಂಡಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಕೋಡಂಬಾಕ್ಕಂನಲ್ಲಿ ರೈಲಿಳಿದು ಮನೆಗೆ ನಡೆಯುವ ದಾರಿಯಲ್ಲಿ ಅಕ್ಕನ ಸಿಡಿ ಅಂಗಡಿ. ಅಕ್ಕ ಹುಬ್ಬಳ್ಳಿ ಕಡೆಯವರು; ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸುತ್ತಿದ್ದರು. ಹಣೆಯ ಮೇಲೆ ವಿಭೂತಿ, ಕೌಂಟರಿನ ಮೇಲೊಂದು ಪುಟ್ಟ ಟಿವಿ, ಅದರಲ್ಲಿ ಸದಾ ಜಪಾನಿನ ಕಾರ್ಟೂನು. ಅನಿಮೆ ಎಂಬ ಪದವನ್ನು ನಾನು ಮೊದಲು ಕೇಳಿದ್ದೇ ಅವರ ಬಾಯಲ್ಲಿ. ಬಂದವರ ಮುಖ ನೋಡಿಯೇ ಯಾರಿಗೆ ಯಾವ ಸರಣಿ ಎಂದು ತೆಗೆದುಕೊಡುತ್ತಿದ್ದರು.

ನನಗೆ ಕತ್ತಿ, ರಕ್ತ ಇದ್ದದ್ದೇ ಬೇಕಿತ್ತು. ಮನೆಯಲ್ಲಿ ಅಪ್ಪನ ಕೈ ಮಾತಿಗಿಂತ ಮೊದಲು ಏಳುತ್ತಿತ್ತು. ಪರದೆಯ ಮೇಲೆ ಯಾರಾದರೂ ತಿರುಗಿ ಹೊಡೆದರೆ ನನಗೆ ಉಸಿರು ಸರಾಗವಾಗುತ್ತಿತ್ತು. ನನ್ನ ಕೆನ್ನೆಯ ಬಾವು ಯಾರಿಂದ ಎಂದು ಅಕ್ಕ ಊಹಿಸಿದ್ದರು, ಕೇಳುತ್ತಿರಲಿಲ್ಲ. ಒಮ್ಮೆ, ತನ್ನ ಊರನ್ನು ಸುಟ್ಟವನನ್ನು ಹುಡುಕಿಕೊಂಡು ಹೊರಟ ಹುಡುಗಿಯ ಸರಣಿಯೊಂದನ್ನು ಕೈಗಿಟ್ಟರು.

"ಹನ್ನೆರಡನೇ ಕಂತಿನ್ಯಾಗ ಆಕಿ ಅವನ್ನ ಕೊಲ್ತಾಳ. ಅಲ್ಲಿಗೇ ನಿಲ್ಲಿಸಬ್ಯಾಡ ತಂಗಿ. ಹದಿಮೂರನೇದೂ ನೋಡು. ಕೊಂದ ಮ್ಯಾಲ ಆಕಿ ಊಟಕ್ಕ ಕುಂದರತಾಳ, ತುತ್ತು ಇಳಿಯಂಗಿಲ್ಲ."

ನಾನು ಹನ್ನೆರಡನೆಯದನ್ನೇ ಮತ್ತೆ ಮತ್ತೆ ನೋಡಿದೆ.

ಒಂದು ಶನಿವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ನಾಲ್ವರು ಗಂಡಸರು ಒಳನುಗ್ಗಿದರು. ಯಾವುದೋ ನಟನ ಅಭಿಮಾನಿಗಳು; ಆಗಷ್ಟೇ ಬಿಡುಗಡೆಯಾಗಿದ್ದ ಅವನ ಸಿನಿಮಾದ ಕಳ್ಳ ಸಿಡಿ ಇಲ್ಲಿ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ತಮ್ಮಲ್ಲಿ ತಮಿಳು ಸಿನಿಮಾವೇ ಇಲ್ಲ ಎಂದು ಅಕ್ಕ ಹೇಳುತ್ತಿದ್ದಂತೆಯೇ ಕಬ್ಬಿಣದ ಸಲಾಕೆ ಟಿವಿಯ ಮೇಲೆ ಬಿತ್ತು. ಕಪಾಟುಗಳು ಉರುಳಿದವು. ಸಿಡಿಗಳ ಮೇಲೆ ಬೂಟುಗಾಲುಗಳು ಆಡಿದವು. ತಡೆಯಲು ಅಕ್ಕ ಕೈ ಅಡ್ಡ ಹಿಡಿದರು. ಎರಡನೆಯ ಏಟು ಅವರ ಮುಂಗೈ ಮೇಲೆ ಬಿತ್ತು. ಮೂಳೆ ಮುರಿದದ್ದು ನನಗೆ ಕೇಳಿಸಿತು.

ಷಟರ್ ಎಳೆಯುವ ಕೊಕ್ಕೆಯ ಕಂಬಿ ಮೂಲೆಯಲ್ಲಿತ್ತು. ಅದು ನನ್ನ ಕೈಗೆ ಹೇಗೆ ಬಂತೋ... ಮೊದಲ ಏಟಿಗೇ ಸಲಾಕೆ ಹಿಡಿದವನು ಬಿದ್ದ. ಉಳಿದವರು ಓಡಿದರು. ಅಲ್ಲಿಗೆ ಮುಗಿಯಬೇಕಿತ್ತು. ನಾನು ಹೊಡೆಯುತ್ತಲೇ ಇದ್ದೆ. ಬಿದ್ದಲ್ಲಿ ಅವನು ಮುಖ ಮುಚ್ಚಿಕೊಂಡು "ಅಮ್ಮಾ, ಅಮ್ಮಾ" ಎನ್ನುತ್ತಿದ್ದ. ನನಗೆ ಅಲ್ಲಿ ಕಾಣುತ್ತಿದ್ದದ್ದು ಅಪ್ಪನ ಮುಖ.

"ಬಿದ್ದಾನ, ಬಿಡು ತಂಗಿ! ಸಾಯ್ತಾನ, ಬಿಡು!" ಅಕ್ಕ ಒಂದೇ ಕೈಯಲ್ಲಿ ನನ್ನನ್ನು ಹಿಂದಿನಿಂದ ತಬ್ಬಿ ಎಳೆದು, ಕಂಬಿ ಕಿತ್ತುಕೊಂಡರು.

ಪೊಲೀಸರು ಬಂದಾಗ ಕಂಬಿ ಅವರ ಕೈಯಲ್ಲೇ ಇತ್ತು. ಹೊಡೆದದ್ದು ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಾನ್ ದಾನ್ ಸಾರ್," ಎಂದರು. ನಾನೇ ಎಂದು, ತಮಿಳಿನಲ್ಲಿ. ಆಮೇಲೆ ನನ್ನತ್ತ ತಿರುಗಿ ಕನ್ನಡದಲ್ಲಿ ಮೆಲ್ಲಗೆ, "ಮನಿಗೆ ಹೋಗು. ನಿಮ್ಮಪ್ಪಗ ತಿಳೀತಂದ್ರ ನಿನ್ನ ಉಳಸಂಗಿಲ್ಲ," ಎಂದರು.

ನಾನು ಹೋದೆ.

ಆ ಮನುಷ್ಯನ ಒಂದು ಕಣ್ಣು ಹೋಯಿತಂತೆ; ಹೊಡೆದದ್ದು ಯಾರೆಂದು ಅವನು ನೋಡಿರಲಿಲ್ಲ, ಓಡಿದವರು ಸಾಕ್ಷಿಗೆ ಬರಲಿಲ್ಲ. ಅಕ್ಕ ಜೈಲಿಗೆ ಹೋದರು. ನಾನು ಬೇರೆ ರಸ್ತೆಯಿಂದ ಮನೆಗೆ ಹೋಗಲು ಶುರುಮಾಡಿದೆ. ಧೈರ್ಯ ಮಾಡಿ ಆ ಕಡೆ ಹೋಗುವ ಹೊತ್ತಿಗೆ ಐದಾರು ವರ್ಷ ಕಳೆದಿತ್ತು. ಅಂಗಡಿಯ ಜಾಗದಲ್ಲಿ ಬೇಕರಿ ಬಂದಿತ್ತು. ಬಿಡುಗಡೆಯಾದ ಮೇಲೆ ಅವರು ಊರಿಗೆ ಹೋದರು, ಅಲ್ಲೇ ತೀರಿಕೊಂಡರು, ಕೈ ಕೊನೆಗೂ ನೆಟ್ಟಗಾಗಲಿಲ್ಲ ಎಂದು ಪಕ್ಕದ ಟೈಲರ್ ಹೇಳಿದ.

ಹೋದ ವಾರ ನಾನು ನೆಲದ ಮೇಲೆ ಕೂತದ್ದು ಕಂಡು ನನ್ನ ಗಂಡ ಏನಾಯಿತೆಂದು ಕೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು, "ಆ ಅಕ್ಕನ ಹೆಸರೇನು?" ಎಂದು ಕೇಳಿದರು.

ನಾನು ಯಾವತ್ತೂ ಕೇಳಿರಲಿಲ್ಲ.